ಒಂದು ಮಾರು ಹಗ್ಗ

ನಿದ್ದೆಯಲ್ಲಿ ನನ್ನ ಬಲಗೈ ಮುಷ್ಟಿ ಕಟ್ಟುತ್ತದಂತೆ. ಮದುವೆಯಾದ ಹೊಸದರಲ್ಲಿ ನಮ್ಮ ಮನೆಯವರು ಇದನ್ನು ನೋಡಿ, ಯಾರ ಮೇಲೆ ಇಷ್ಟು ಸಿಟ್ಟು ಎಂದು ಕೇಳಿದ್ದರು. ಸಿಟ್ಟಲ್ಲ, ಅಭ್ಯಾಸ ಎಂದೆ. ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸಿ, ಉಳಿದ ಬೆರಳುಗಳನ್ನು ಅದರ ಮೇಲೆ ಕೂಡಿಸಿ, ಮಣಿಕಟ್ಟನ್ನು ಒಂದಿಷ್ಟು ತಿರುವಿದರೆ ಕೈ ದಪ್ಪವಾಗುತ್ತದೆ. ಕಲ್ಲಿನ ಸೀಳಿನೊಳಗೆ ಹಾಗೆ ದಪ್ಪವಾದ ಕೈ ಅಲ್ಲೇ ಕಚ್ಚಿಕೊಳ್ಳುತ್ತದೆ. ಅದರ ಮೇಲೆ ಮೈಭಾರ ಬಿಟ್ಟು, ಕೆಳಗೆ ಏನೂ ಇಲ್ಲದ ಕಡೆಯಲ್ಲೂ ಉಸಿರು ತೆಗೆದುಕೊಳ್ಳಬಹುದು. ಎಚ್ಚರದಲ್ಲಿ ನಾನು ಇದನ್ನೆಲ್ಲ ಬಿಟ್ಟು ಎಷ್ಟೋ ಕಾಲವಾಯಿತು. ಕೈ ಮಾತ್ರ ಇನ್ನೂ ಅಲ್ಲೇ ಇದೆ, ಆ ಬಂಡೆಯ ಸೀಳಿನಲ್ಲಿ.

ಹೊಳಲ್ಕೆರೆ ತಾಲ್ಲೂಕಿನಲ್ಲಿ ಬಿ.ದುರ್ಗದ ಕಡೆ ನಮ್ಮ ಹಟ್ಟಿ. ಕುರಿ ಸಾಕುವ, ಒಂದಿಷ್ಟು ರಾಗಿ ಜೋಳ ಬೆಳೆಯುವ ಮನೆಗಳು. ಹಟ್ಟಿಯಿಂದ ಸ್ವಲ್ಪ ದೂರ ನಡೆದರೆ ಸೀಳುಬಂಡೆ. ಬುಡದಿಂದ ನೆತ್ತಿಯವರೆಗೆ ಒಂದೇ ಕಲ್ಲು, ನಡುವೆ ಒಂದೇ ಸೀಳು. ಬೇಸಿಗೆಯಲ್ಲಿ ಅದರ ಬುಡಕ್ಕೆ ಕೆನ್ನೆ ಒತ್ತಿದರೆ ಒಳಗಿನಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಬಂಡೆ ಉಸಿರಾಡುತ್ತದೆ ಎಂದು ಚಿಕ್ಕವಳಿದ್ದಾಗ ನಂಬಿದ್ದೆ. ದೊಡ್ಡವಳಾದ ಮೇಲೂ ನಂಬಿಕೆ ಪೂರ್ತಿ ಹೋಗಿರಲಿಲ್ಲ.

ಎಪ್ಪತ್ತರ ದಶಕದ ನಡುಭಾಗ ಇರಬೇಕು. ಅಣ್ಣನಿಗೆ ಹಿರಿಯೂರಿನಲ್ಲಿ ಮೇಷ್ಟ್ರ ಕೆಲಸ. ನಾನು ಚಿತ್ರದುರ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಿದ್ದೆ. ಅಪ್ಪ ದೊಡ್ಡ ಹಿಂಡನ್ನು ಹೊಡೆದುಕೊಂಡು ವರ್ಷದ ಬಹುಪಾಲು ಹೊಸದುರ್ಗದ ಆಚೆ ಮಾಡದಕೆರೆಯ ಬಯಲಲ್ಲಿ ಇರುತ್ತಿದ್ದ. ಮನೆಯಲ್ಲಿ ಅವ್ವ, ಹತ್ತಾರು ಕುರಿ, ಅವಳು ನೂಲುವ ಉಣ್ಣೆ. ಅಣ್ಣ ಕಾಲೇಜಿನಲ್ಲಿದ್ದಾಗ ಯಾವುದೋ ಶಿಬಿರಕ್ಕೆ ಹೋಗಿ ಬಂಡೆ ಹತ್ತುವುದನ್ನು ಕಲಿತು ಬಂದಿದ್ದ. ಬೇರೆಯವರು ಶಿಬಿರಕ್ಕೆ ಹೋದರೆ ಸರ್ಟಿಫಿಕೇಟು ತರುತ್ತಾರೆ, ಇವನು ಹುಚ್ಚು ಹತ್ತಿಸಿಕೊಂಡು ಬಂದ. ಆ ಹುಚ್ಚು ನನಗೂ ಹತ್ತಿತು. ರಜೆ ಬಂತೆಂದರೆ ನಾನು ಅಣ್ಣನ ಹಳೇ ಪ್ಯಾಂಟಿಗೆ ಲಾಡಿ ಬಿಗಿದು ಹೊರಡುತ್ತಿದ್ದೆ. ಹಟ್ಟಿಯ ಹೆಂಗಸರು ಕೆನ್ನೆಗೆ ಕೈ ಹಚ್ಚಿಕೊಂಡು ನೋಡುತ್ತಿದ್ದರು.

"ಮೇಕೆ ಹುಟ್ಟೈತೆ ನಿನ್ ಹೊಟ್ಟ್ಯಾಗೆ" ಎಂದು ಪಕ್ಕದ ಮನೆಯ ಅತ್ತೆ ಅವ್ವನಿಗೆ ಹೇಳುತ್ತಿದ್ದಳು.

"ಮೇಕೇನೇ ಆಗ್ಲಿ ಬಿಡು, ಇಳಿಯಾದು ಗೊತ್ತೈತಲ್ಲ" ಎನ್ನುತ್ತಿದ್ದಳು ಅವ್ವ. ಹಾಗೆ ಹೇಳಿ, ನಾನು ಇಳಿದು ಬರುವವರೆಗೆ ಒಳಗೂ ಹೋಗದೆ ಹೊರಗೂ ಕೂರದೆ ಹೊಸ್ತಿಲಲ್ಲಿ ಓಡಾಡುತ್ತಿದ್ದಳು.

ನಮ್ಮ ಕ್ರಮ ಸರಳ. ಇಬ್ಬರ ಸೊಂಟಕ್ಕೂ ಒಂದೇ ಹಗ್ಗದ ಎರಡು ತುದಿ. ಒಬ್ಬರು ಹತ್ತುವಾಗ ಇನ್ನೊಬ್ಬರು ಬಂಡೆಗೆ ತಮ್ಮನ್ನು ಬಿಗಿದುಕೊಂಡು, ಹಗ್ಗವನ್ನು ಬೆನ್ನ ಹಿಂದಿನಿಂದ ಸೊಂಟಕ್ಕೆ ಬಳಸಿ, ಎರಡೂ ಕೈಯಲ್ಲಿ ಹಿಡಿದು, ಹತ್ತುವವರು ಮೇಲೆ ಹೋದಷ್ಟೂ ಬಿಡುತ್ತ ಹೋಗಬೇಕು. ಇದಕ್ಕೆ ಶಿಬಿರದಲ್ಲಿ ಏನೋ ಇಂಗ್ಲಿಷ್ ಹೆಸರಿತ್ತು. ನಾವು ಹಗ್ಗ ಕಾಯುವುದು ಎನ್ನುತ್ತಿದ್ದೆವು. ಕುರಿ ಕಾಯುವವರ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಮಾತು ಸಿಗುವುದಿಲ್ಲ. ಹತ್ತುವವರು ದಾರಿಯಲ್ಲಿ ಅಲ್ಲಲ್ಲಿ ಸೀಳಿಗೆ ಜಾಲಿ ಮರದ ಬೆಣೆ ಸಿಕ್ಕಿಸಿ, ಬೆಣೆಯ ಕುಣಿಕೆಗೆ ಕಬ್ಬಿಣದ ಕೊಂಡಿ ಹಾಕಿ, ಅದರೊಳಗೆ ಹಗ್ಗ ತೂರಿಸಿಕೊಂಡು ಹೋಗುತ್ತಾರೆ. ಬಿದ್ದರೆ ಬೆಣೆ ತಡೆಯಬೇಕು, ಕೆಳಗಿನವರ ಕೈ ತಡೆಯಬೇಕು. ಒಂದು ಹಗ್ಗದ ಉದ್ದ ಹತ್ತಿ, ನಿಲ್ಲುವ ಜಾಗ ನೋಡಿ ನಿಂತು, ಇನ್ನೊಬ್ಬರನ್ನು ಮೇಲೆ ಕರೆದುಕೊಂಡು, ಮತ್ತೆ ಮೇಲಕ್ಕೆ. ಮೇಲಿನವರು ತಮ್ಮನ್ನು ಬಿಗಿದುಕೊಂಡು "ನಿಂತೆ, ಬಿಡು" ಎನ್ನಬೇಕು. ಆ ಮಾತು ಬರುವವರೆಗೆ ಕಾಯುವವರು ಕೈ ಬಿಡುವಂತಿಲ್ಲ.

"ಸೊಳ್ಳೆ ಕಚ್ಲಿ, ಚೇಳು ಕಚ್ಲಿ, ಮ್ಯಾಲಿನೋರು ನಿಂತೆ ಬಿಡು ಅನ್ನೋಗಂಟ ಬಿಡಂಗಿಲ್ಲ" ಎಂದು ಅಣ್ಣ ಅಂಗಳದಲ್ಲಿ ಪಾಠ ಹೇಳುತ್ತಿದ್ದ. ಮೇಷ್ಟ್ರಲ್ಲವೇ, ಒಂದೇ ಮಾತನ್ನು ಮೂರು ಸಲ ಹೇಳದಿದ್ದರೆ ತಿಂದ ಅನ್ನ ಅರಗುತ್ತಿರಲಿಲ್ಲ.

ಅಂಗಳದ ಬೇವಿನ ಮರವೇ ನಮ್ಮ ಶಾಲೆ. ಒಂದು ದಿನ ಅವ್ವ ತಕಲಿ ಕೆಳಗಿಟ್ಟು, ಕೊಡು ನೋಡಾಣ ಎಂದು ಹಗ್ಗವನ್ನು ಸೊಂಟಕ್ಕೆ ಬಳಸಿಕೊಂಡಳು. ನಾನು ಮರ ಹತ್ತಿದೆ. ಮೊದಲ ಕೊಂಬೆ ತಲುಪುವಷ್ಟರಲ್ಲಿ ಹಗ್ಗ ಬಿಗಿಯಿತು. ಎಳೆದೆ, ಬರಲಿಲ್ಲ. ಕೆಳಗೆ ನೋಡಿದರೆ ಅವ್ವ ಎರಡೂ ಕೈಯಲ್ಲಿ ಹಗ್ಗ ಹಿಡಿದು ಹಿಂದಕ್ಕೆ ಜೋತುಬಿದ್ದಿದ್ದಾಳೆ.

"ಸಡ್ಲ ಬಿಡವ್ವಾ! ಹಿಂಗೆ ಹಿಡಿದ್ರೆ ನಾನೆಂಗೆ ಮ್ಯಾಕೆ ಹೋಗ್ಲಿ?"

"ಬಿಡಲ್ಲ. ಬಿಟ್ರೆ ಬೀಳ್ತೀಯ."

"ಬಿಡದಿದ್ರೇ ಬೀಳಾದು ಅವ್ವ. ನಾನು ಮ್ಯಾಕೆ ಹೋದಂಗೆ ಬಿಡ್ಬೇಕು, ಬಿದ್ರೆ ಹಿಡೀಬೇಕು."

"ಅದ್ಯಾವ ಲೆಕ್ಕ? ಹಿಡಿಯೋಳು ಯಾಕೆ ಬಿಡ್ಲಿ, ಬಿಡೋಳು ಎಂಗೆ ಹಿಡೀಲಿ?"

ಅಣ್ಣ ನಕ್ಕು ನೆಲದ ಮೇಲೆ ಉರುಳಾಡಿದ. ಅವ್ವ ಹಗ್ಗ ಬಿಚ್ಚಿ ಅವನ ಮೇಲೆ ಎಸೆದು ತಕಲಿ ಎತ್ತಿಕೊಂಡಳು. ನನಗೆ ಮಾತ್ರ ಸ್ವಲ್ಪ ಕೋಪ ಬಂದಿತ್ತು. ಹಾಸ್ಟೆಲಿಗೆ ಕಳಿಸುವಾಗಲೂ ಅವಳು ಬಸ್ಸಿನ ಕಿಟಕಿಯ ಸರಳನ್ನು ಹೀಗೇ ಹಿಡಿದು ನಿಂತಿದ್ದಳು.

ಹಗ್ಗದ ವಿಷಯ ಹೇಳಬೇಕು. ಅಣ್ಣನಿಗೆ ಶಿಬಿರದ ಗೆಳೆಯನೊಬ್ಬನಿಂದ ಬಂದ ನೈಲಾನ್ ಹಗ್ಗ ಅದು. ಬಿಳಿಯದಾಗಿ ಬಂದದ್ದು ನಮ್ಮ ಮನೆಯಲ್ಲಿ ಕುರಿಯ ಬಣ್ಣಕ್ಕೆ ತಿರುಗಿತ್ತು. ಅವ್ವ ಅದನ್ನು ಮೊದಲ ಸಲ ಕೈಗೆತ್ತಿಕೊಂಡಾಗ ಎಳೆ ಬಿಡಿಸಿ ನೋಡಿ, ಮೂಸಿ, "ಇದ್ಯಾವ ಕುರೀದ್ಲಾ?" ಎಂದು ಕೇಳಿದಳು. "ಫ್ಯಾಕ್ಟ್ರಿ ಕುರೀದವ್ವ" ಎಂದ ಅಣ್ಣ. ಅವ್ವ ನಕ್ಕಳು. ಅದು ತಮಾಷೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಹುಟ್ಟಿದಾಗಿನಿಂದ ಉಣ್ಣೆಯಲ್ಲೇ ಬೆಳೆದ ಬೆರಳುಗಳು. ಮೆತ್ತಗಿರುವುದು, ಬೆಳ್ಳಗಿರುವುದು, ಎಳೆ ಎಳೆಯಾಗಿ ಹೊಸೆದಿರುವುದು ಅವುಗಳಿಗೆ ಉಣ್ಣೆಯೇ. ಆ ದಿನದಿಂದ ಹಗ್ಗ ಕಂಬಳಿಗಳ ಜೊತೆ ಅಟ್ಟದ ಮೇಲೆ ಮಲಗುತ್ತಿತ್ತು. ನಮ್ಮಲ್ಲಿ ಹಗ್ಗ ದಾಟಬಾರದು ಎನ್ನುತ್ತಾರೆ, ಬಂಡೆ ಹತ್ತುವವರಲ್ಲೂ ಹಗ್ಗ ತುಳಿಯಬಾರದೆಂಬ ಕಟ್ಟುನಿಟ್ಟು ಇದೆ. ಹಾಗಾಗಿ ಮನೆಯಲ್ಲಿ ಅದಕ್ಕೆ ಯಾರೂ ಹೇಳಿಕೊಡದೆಯೇ ಮರ್ಯಾದೆ ಸಿಕ್ಕಿತು.

ಆ ವರ್ಷ ದಸರಾ ರಜೆಯಲ್ಲಿ ಸೀಳುಬಂಡೆಯನ್ನು ಬುಡದಿಂದ ನೆತ್ತಿಯವರೆಗೆ ಹತ್ತುವುದೆಂದು ನಿಶ್ಚಯಿಸಿದ್ದೆವು. ಅದುವರೆಗೆ ನಡುವೆ ಸೀಳಿನಲ್ಲಿ ಬೇರುಬಿಟ್ಟ ಗೋಣಿಮರದ ತನಕ ಹೋಗಿ ಇಳಿದು ಬರುತ್ತಿದ್ದೆವು. ಆಯುಧಪೂಜೆಯ ಮಾರನೆಯ ದಿನ, ವಿಜಯದಶಮಿಗೆ ಮುಹೂರ್ತ. ಪೂಜೆಯ ದಿನ ಅವ್ವ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ, ಕುಡುಗೋಲು, ಕೊಡಲಿ, ಅಪ್ಪನ ಹಳೇ ಕೋಲು ಎಲ್ಲವನ್ನೂ ತೊಳೆದು, ಕಂಬಳಿಯ ಮೇಲೆ ಸಾಲಾಗಿ ಇಟ್ಟಳು. ನಮ್ಮ ಕೊಂಡಿಗಳು, ಬೆಣೆಗಳು, ಸುರುಳಿ ಸುತ್ತಿದ ಹಗ್ಗವೂ ಅಲ್ಲಿ ಸೇರಿದವು. ಹಗ್ಗದ ಮೇಲೆ ಚೆಂಡುಹೂ ಇಟ್ಟಾಗ ನನಗೆ ಹೆಮ್ಮೆಯಾಯಿತು. ನಮ್ಮ ಹುಚ್ಚಿಗೂ ಮನೆಯಲ್ಲಿ ಒಂದು ಜಾಗ ಸಿಕ್ಕಿತಲ್ಲ ಎನ್ನಿಸಿತು.

ಲೋಬಾನ ಹಾಕಲು ಅವ್ವ ಧೂಪದ ಬಟ್ಟಲಿನ ಕೆಂಡವನ್ನು ಊದಿದಳು. ಒಂದು ಕೆಂಡ ಸಿಡಿದು ಹಗ್ಗದ ಸುರುಳಿಯ ನಡುವೆ ಬಿತ್ತು. ನಾವು ಮೂವರೂ ನೋಡಿದೆವು. ಬೇರೆ ಯಾವ ಮನೆಯಲ್ಲಾದರೂ ಯಾರಾದರೂ ಹೌಹಾರುತ್ತಿದ್ದರು. ಕಂಬಳಿಯ ಮನೆಯಲ್ಲಿ ಯಾರೂ ಹೌಹಾರುವುದಿಲ್ಲ. ಉಣ್ಣೆಯ ಮೇಲೆ ಬಿದ್ದ ಕಿಡಿ ಕೂದಲು ಸುಟ್ಟ ವಾಸನೆ ಬಿಟ್ಟು ತಾನೇ ಸಾಯುತ್ತದೆ, ಒರೆಸಿದರೆ ಗುರುತೂ ಇರುವುದಿಲ್ಲ. ಅವ್ವ ಮಂಗಳಾರತಿ ಮುಗಿಸಿಯೇ ಕೆಂಡ ತೆಗೆದರಾಯಿತೆಂದು ಮುಂದುವರಿದಳು. ಅಣ್ಣನೂ ನಾನೂ ಕೈಮುಗಿದು ನಿಂತಿದ್ದೆವು. ಆಮೇಲೆ ಬಂದ ವಾಸನೆ ಕೂದಲಿನದಾಗಿರಲಿಲ್ಲ.

ಪಕ್ಕಪಕ್ಕದ ಎರಡು ಸುತ್ತುಗಳು ಕರಗಿ, ಕಪ್ಪಾಗಿ, ಗಟ್ಟಿಯಾಗಿದ್ದವು. ಅಣ್ಣ ಸುರುಳಿ ಬಿಡಿಸಿ, ಇಡೀ ಹಗ್ಗವನ್ನು ಗೇಣು ಗೇಣಾಗಿ ಬೆರಳ ನಡುವೆ ಹಾಯಿಸಿದ. ಉಳಿದದ್ದೆಲ್ಲ ಚೆನ್ನಾಗಿತ್ತು. ಸುಟ್ಟ ಎರಡು ಜಾಗಗಳ ನಡುವೆ ಒಂದು ಮಾರು ಅಂತರ, ಅಂದರೆ ಎರಡೂ ತೋಳು ಚಾಚಿದಷ್ಟು. ಅಷ್ಟನ್ನು ಕತ್ತರಿಸಿ ತೆಗೆಯಬೇಕು. ಒಂದು ಕಡೆ ಗಿಡ್ಡ ತುಂಡು, ಇನ್ನೊಂದು ಕಡೆ ಉದ್ದದ್ದು. ಎರಡನ್ನೂ ಗಂಟು ಹಾಕಿದರೆ ಗಂಟು ಕೊಂಡಿಯಲ್ಲಿ ತೂರುವುದಿಲ್ಲ. ಉದ್ದನೆಯದೊಂದರಲ್ಲೇ ಹತ್ತಬೇಕು.

"ಏನೂ ಆಗಿಲ್ಲ ಬಿಡವ್ವ. ಬಂಡೆ ಎಲ್ಲಿಗೂ ಓಡಿಹೋಗಲ್ಲ, ಬ್ಯಾಸಿಗ್ಗೆ ನೋಡಿಕೊಂಡ್ರಾತು" ಎಂದ ಅಣ್ಣ.

ಅವ್ವ ಗೋಡೆಗೆ ಒರಗಿ ಕೂತಿದ್ದಳು. "ಪೂಜೆಗೆ ಇಟ್ಟಿದ್ದನ್ನ ಕೆಂಡ ತಿಂತು" ಎಂದಳು. "ನನ್ ಕೈಯಾಗೇ ತಿಂತು."

ಅದೊಂದೇ ಮಾತು. ಹೋಳಿಗೆ ಮಾಡಿದ್ದಳು, ನಮಗೆ ಬಡಿಸಿದಳು, ತಾನು ಮುಟ್ಟಲಿಲ್ಲ. ಅವಳ ಸಂಕಟ ನನಗೆ ಅರ್ಥವಾಗಿತ್ತು. ಪೂಜೆಯ ದಿನ ಆಯುಧ ಬಳಸಬಾರದು, ಮಾರನೆಯ ದಿನ ಎತ್ತಿ ಕೆಲಸಕ್ಕೆ ಹಚ್ಚಬೇಕು. ಎತ್ತದಿದ್ದರೆ ಪೂಜೆ ಅರ್ಧಕ್ಕೇ ನಿಂತ ಹಾಗೆ. ಎತ್ತಿದರೆ ಇದು ಕೆಂಡ ತಿಂದ ಹಗ್ಗ, ಅದರ ಎರಡು ತುದಿಗೂ ಅವಳ ಮಕ್ಕಳೇ. ಹತ್ತಬೇಡಿ ಎಂದರೂ ಅವಳ ಪೂಜೆ ಕೆಟ್ಟಂತೆ, ಹತ್ತಿ ಎಂದ ಮೇಲೆ ನಾವು ಬಿದ್ದರೂ ಅವಳ ಪೂಜೆ ಕೆಟ್ಟಂತೆ. ನಾವು ಈ ಸಲ ಸುಮ್ಮನಾಗಿಬಿಟ್ಟರೆ ಆ ಹೆದರಿಕೆ ನಮ್ಮ ಮನೆಯಲ್ಲಿ ಕಾಯಂ ಆಗಿ ಕೂರುತ್ತದೆ, ತನ್ನ ಕೈಯಲ್ಲಿ ದೋಷವಿದೆ ಎಂದು ಅವ್ವ ಇನ್ನು ಯಾವತ್ತೂ ಧೂಪ ಹಾಕುವುದಿಲ್ಲ ಎನ್ನಿಸಿತು. ಬಂಡೆಯ ಆಸೆ ಹಾಗಿರಲಿ. ನನಗೆ ಅವ್ವನ ಕೈ ಮೊದಲಿನ ಹಾಗೆ ಬೇಕಾಗಿತ್ತು.

ಬೆಳಿಗ್ಗೆ ನಾವು ಏಳುವಷ್ಟರಲ್ಲಿ ಅವಳು ಪೂಜೆಯ ಕತ್ತರಿ ಹಿಡಿದು ಅಂಗಳದಲ್ಲಿ ನಿಂತಿದ್ದಳು.

"ಎತ್ರಿ. ಪೂಜೆ ಮಾಡಿದ್ದನ್ನ ಎತ್ತದಂಗೆ ಬಿಡಬಾರ್ದು" ಎಂದಳು. "ಕುರೀನೂ ಹೊಡ್ಕಂಡು ನಾನೂ ಬತ್ತೀನಿ."

ಹೀಗೆ ಆ ವರ್ಷ ನಮ್ಮ ಮನೆಯ ಕತ್ತರಿ ಮೊದಲು ಕತ್ತರಿಸಿದ್ದು ಉಣ್ಣೆಯನ್ನಲ್ಲ, ನಮ್ಮ ಹಗ್ಗವನ್ನು. ಅಣ್ಣ ಎರಡು ಕಡೆ ಕತ್ತರಿಸಿದ. ಒಂದು ಮಾರಿನ ತುಂಡು ಅಂಗಳದಲ್ಲಿ ಸತ್ತ ಹಾವಿನಂತೆ ಬಿದ್ದಿತ್ತು. ನಾನು ಅದರ ಕಡೆ ಮತ್ತೆ ನೋಡಲಿಲ್ಲ.

ಬಂಡೆಯ ಬುಡದಲ್ಲಿ ಅವ್ವ ಕಂಬಳಿ ಹಾಸಿ ಕೂತಳು. ಕುರಿಗಳು ಇಬ್ಬನಿ ಆರದ ಹುಲ್ಲಿನಲ್ಲಿ ಹರಡಿಕೊಂಡವು. ನಾನು ಎಂದಿನಂತೆ ಬರಿಗಾಲು. ಅಣ್ಣ ತನ್ನ ಕ್ಯಾನ್ವಾಸ್ ಬೂಟಿಗೆ ಮೂರು ಸಲ ಗಂಟು ಹಾಕಿ, ಬಂಡೆ ಮುಟ್ಟಿ ಕಣ್ಣಿಗೊತ್ತಿಕೊಂಡು ಹೊರಟ. ಗೋಣಿಮರದವರೆಗೆ ಗೊತ್ತಿರುವ ದಾರಿ. ಅವನು ಮರಕ್ಕೆ ಬಿಗಿದುಕೊಂಡು "ನಿಂತೆ, ಬಿಡು" ಎಂದು ಕೂಗಿದ್ದು ಬಂಡೆಗೆ ಬಡಿದು ಎರಡು ಸಲ ಕೇಳಿಸಿತು. ನನ್ನನ್ನು ಕರೆಯಲು ಅವನು ಹಿಂಡು ಕರೆಯುವ ಕೂಗನ್ನೇ ಹಾಕಿದ. ಹುಲ್ಲಿನಲ್ಲಿದ್ದ ಕುರಿಗಳೆಲ್ಲ ತಲೆ ಎತ್ತಿ ಬಂಡೆಯ ಕಡೆಗೆ ಓಡಿ ಬಂದವು. ಅವ್ವ ಬೈಯುತ್ತ ಅವನ್ನು ತಿರುಗಿಸಿದಳು. ಬೆಳಿಗ್ಗೆಯಿಂದ ಮೊದಲ ಸಲ ಅವಳ ಬಾಯಲ್ಲಿ ಬೈಗುಳ ಕೇಳಿ ನನಗೆ ಸಮಾಧಾನವಾಯಿತು.

ಗೋಣಿಮರದ ಮೇಲೆ ಬಂಡೆ ಹೊಟ್ಟೆ ಉಬ್ಬಿಸಿಕೊಂಡಿದೆ. ಅಲ್ಲಿಂದಾಚೆ ಕೆಳಗಿನವರಿಗೆ ನಾವು ಕಾಣುವುದಿಲ್ಲ, ನಮಗೆ ಕೆಳಗಿನವರು ಕಾಣುವುದಿಲ್ಲ. ಹಗ್ಗ ಪೂರ್ತಿ ಇದ್ದಿದ್ದರೆ ಮರದಿಂದ ನೆತ್ತಿಯ ಹತ್ತಿರದ ದೊಣೆಯವರೆಗೆ ಅಣ್ಣ ಒಂದೇ ಉಸಿರಿಗೆ ಹೋಗುತ್ತಿದ್ದ. ಬಂಡೆಯ ಮೇಲೆ ಮಳೆನೀರು ನಿಲ್ಲುವ ಗುಂಡಿಗೆ ನಮ್ಮಲ್ಲಿ ದೊಣೆ ಎನ್ನುತ್ತಾರೆ, ಅದರ ಪಕ್ಕ ಇಬ್ಬರು ಮಲಗುವಷ್ಟು ಜಾಗ. ಈಗ ಹಗ್ಗ ಅಲ್ಲಿಯ ತನಕ ಮುಟ್ಟುವುದಿಲ್ಲ. ಸೀಳಿನ ನಡುವೆ ಯಾವ ಕಾಲದಲ್ಲೋ ಮೇಲಿನಿಂದ ಬಿದ್ದು ಸಿಕ್ಕಿಕೊಂಡ ಗುಂಡುಕಲ್ಲು ಒಂದಿದೆ. ಅಣ್ಣ ಅಲ್ಲಿಯವರೆಗೆ ಹೋಗಿ, ಕಲ್ಲಿಗೆ ತನ್ನನ್ನು ಬಿಗಿದುಕೊಂಡು, ಅರ್ಧ ನಿಂತು ಅರ್ಧ ನೇತಾಡುತ್ತ ನನ್ನನ್ನು ಕರೆದ. ಅಲ್ಲಿ ಒಬ್ಬರಿಗೆ ಮಾತ್ರ ಜಾಗ. ನಾನು ಅವನ ಹತ್ತಿರ ತಲುಪಿದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವನು ಕೆಳಗೆ ಇಳಿಯುವಂತಿಲ್ಲ, ನಾನು ಅಲ್ಲಿ ನಿಂತು ಅವನ ಹಗ್ಗ ಕಾಯುವಂತಿಲ್ಲ.

"ನೀನೇ ಮುಂದೆ ಹೋಗ್ಬೇಕು ಕಣೇ" ಎಂದು ಪಿಸುಗುಟ್ಟಿದ. ಅದುವರೆಗೆ ನಾನು ಯಾವತ್ತೂ ಮುಂದೆ ಹೋದವಳಲ್ಲ. ಯಾವಾಗಲೂ ಮೇಲಿನಿಂದ ಅವನ ಹಗ್ಗ ನನ್ನನ್ನು ಕಾಯುತ್ತಿತ್ತು. "ಆಗಲ್ಲ ಅನ್ನಂಗಿದ್ರೆ ಈಗ್ಲೇ ಹೇಳು. ಎಂಗಾನ ಮಾಡಿ ಇಳಿಯಾಣ."

ಅವನು ಪಿಸುಗುಟ್ಟಿದ್ದಕ್ಕೆ ಕಾರಣವಿತ್ತು. ನಮ್ಮ ಎಡಕ್ಕೆ, ಬಂಡೆಯ ಚಾಚಿನ ಕೆಳಗೆ ಹೆಜ್ಜೇನಿನ ಗೂಡು, ಒಂದೇ ದೊಡ್ಡ ಹಲ್ಲೆ, ಕಪ್ಪಗೆ ಇಳಿಬಿದ್ದಿತ್ತು. ಕೂಗುವಂತಿಲ್ಲ, ಸುತ್ತಿಗೆ ಬಡಿಯುವಂತಿಲ್ಲ. ಬೆಣೆಗಳನ್ನು ಕೈಯಲ್ಲೇ ಒತ್ತಿ ಸಿಕ್ಕಿಸಬೇಕು. ಮೇಲೆ ತಲುಪಿದರೆ ಮಾತಿನ ಬದಲು ಹಗ್ಗವನ್ನು ಮೂರು ಸಲ ಜಗ್ಗುವುದೆಂದು ಮಾತಾಯಿತು. ಬೆಣೆಗಳು ಒಂದಕ್ಕೊಂದು ತಾಗದ ಹಾಗೆ ಅಣ್ಣ ತನ್ನ ಟವೆಲ್ಲಿನಲ್ಲಿ ಸುತ್ತಿ ನನ್ನ ಸೊಂಟಕ್ಕೆ ಕಟ್ಟಿದ. ನಾನು ಅವನ ತೊಡೆಯ ಮೇಲೊಂದು ಕಾಲು, ಭುಜದ ಮೇಲೊಂದು ಕಾಲು ಇಟ್ಟು ಹೊರಟೆ. ಭುಜ ಮೆಟ್ಟಿದ್ದಕ್ಕೆ ಅಭ್ಯಾಸಬಲದಿಂದ ಅವನ ತಲೆ ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಆಮೇಲಿನದನ್ನು ಎಚ್ಚರದಲ್ಲಿ ನಡೆದದ್ದೆಂದು ಹೇಳಲು ಈಗಲೂ ನನಗೆ ಧೈರ್ಯವಿಲ್ಲ. ಬಲಮುಷ್ಟಿ ಸೀಳಿನೊಳಗೆ, ಅದರ ಮೇಲೆ ಎಡಮುಷ್ಟಿ, ಕಾಲನ್ನು ಅಡ್ಡಲಾಗಿ ತೂರಿಸಿ ನೇರ ಮಾಡಿದರೆ ಪಾದ ಕಚ್ಚಿಕೊಳ್ಳುತ್ತದೆ, ಏಳುವುದು. ಮತ್ತೆ ಬಲಮುಷ್ಟಿ. ಸೀಳಿನೊಳಗಿನ ಗಾಳಿ ಮಣಿಕಟ್ಟಿಗೆ ತಣ್ಣಗೆ ತಾಗುತ್ತಿತ್ತು, ಬೆನ್ನಿಗೆ ಬಿಸಿಲು. ಒಂದು ಪುಟ್ಟ ಜರೀಗಿಡ ನನ್ನ ಮೂಗಿಗೆ ತಾಗಿ ಹಿಂದೆ ಸರಿಯಿತು. ಜೇನಿನ ಗುಂಯ್‌ಗುಟ್ಟುವಿಕೆ ಕಿವಿಯಲ್ಲಿದೆಯೋ ಬಂಡೆಯೊಳಗಿದೆಯೋ ತಿಳಿಯುತ್ತಿರಲಿಲ್ಲ. ದೂರದಲ್ಲಿ ಹೊಳಲ್ಕೆರೆಯ ರಸ್ತೆಯ ಮೇಲೆ ಒಂದು ಬಸ್ಸು ಸದ್ದಿಲ್ಲದೆ ಹೋಗುತ್ತಿತ್ತು. ಅದರಾಚೆ ಚಿತ್ರದುರ್ಗದ ಗುಡ್ಡಗಳು ನೀಲಿಯಾಗಿ, ನೆಲ ಬಿಟ್ಟು ಒಂದಿಷ್ಟು ಮೇಲೆ ನಿಂತಂತಿದ್ದವು. ನಾನು ಹತ್ತುತ್ತಿದ್ದೇನೋ, ಬಂಡೆಯೇ ನಿಧಾನವಾಗಿ ಕೆಳಕ್ಕಿಳಿಯುತ್ತಿದೆಯೋ ಎನ್ನುವ ಹಾಗಿತ್ತು. ನಾನು ಒಂದು ಗೇಣು ಹೋದರೆ ಒಂದು ಗೇಣು ಹಗ್ಗ ಬರುತ್ತಿತ್ತು. ಒಂದು ಸಲವೂ ಬಿಗಿಯಲಿಲ್ಲ, ಒಂದು ಸಲವೂ ಜೋಲಲಿಲ್ಲ. ಮಾತಿಲ್ಲದೆ ಅಣ್ಣನ ಕೈಗೆ ನನ್ನ ಮೈ ತಿಳಿಯುತ್ತಿತ್ತು. ಅಷ್ಟು ಸುಖ ನನಗೆ ನೆಲದ ಮೇಲೆ ಯಾವತ್ತೂ ಆಗಿಲ್ಲ.

ದೊಣೆ ಇನ್ನು ಸ್ವಲ್ಪವೇ ದೂರ ಎನ್ನುವಾಗ ಸೀಳು ಅಗಲವಾಯಿತು. ಮುಷ್ಟಿ ಕಚ್ಚಲಿಲ್ಲ. ಮೊಣಕೈವರೆಗೆ ತೋಳು ತೂರಿಸಿ ಜೋತುಬಿದ್ದು, ಇನ್ನೊಂದು ಕೈಯಲ್ಲಿ ಸೊಂಟದಿಂದ ದೊಡ್ಡ ಬೆಣೆ ತೆಗೆದೆ. ಬೆವೆತ ಬೆರಳಿನಿಂದ ಅದು ಜಾರಿತು. ಒಂದು ಸಲ ಬಂಡೆಗೆ ಬಡಿದು ಟಕ್ ಎಂದಿತು, ಇನ್ನೊಂದು ಸಲ ಟಕ್, ಆಮೇಲೆ ಸದ್ದಿಲ್ಲ.

ಜೇನಿನ ಸದ್ದು ಬದಲಾಯಿತು. ಕಪ್ಪು ಹಲ್ಲೆಯ ಮೇಲೆ ಅಲೆಯೊಂದು ಹರಿದು ಹೋಯಿತು. ನನ್ನ ಎಡಗಾಲು ಹೊಲಿಗೆ ಮಿಷನ್ನಿನಂತೆ ನಡುಗತೊಡಗಿತು. ಕೆಳಗೆ ಹಾಕಿದ್ದ ಕೊನೆಯ ಬೆಣೆ ಎಷ್ಟೋ ಕೆಳಗಿತ್ತು. ಈಗ ಬಿದ್ದರೆ ಅಣ್ಣನನ್ನು ದಾಟಿಕೊಂಡು ಬೀಳುತ್ತೇನೆ. ಬೆಣೆ ಅವ್ವ ಕೂತ ಕಡೆಯೇ ಬಿದ್ದಿರಬೇಕು, ನನ್ನ ದನಿ ಅವಳಿಗೆ ಎಷ್ಟೋ ಹೊತ್ತಿನಿಂದ ಕೇಳಿಲ್ಲ ಎನ್ನುವುದು ನೆನಪಾಯಿತು. ಕೂಗಿ ಹೇಳೋಣವೆಂದರೆ ಜೇನು. ಕಣ್ಣಲ್ಲಿ ನೀರು ಬಂತು. ಹೆದರಿಕೆಗಲ್ಲ, ಅವಳು ಈಗ ಏನೆಂದುಕೊಂಡಿರಬಹುದು ಎಂದು. ಕೆನ್ನೆಯನ್ನು ಕಲ್ಲಿಗೆ ಒತ್ತಿ, ಚಿಕ್ಕವಳಿದ್ದಾಗ ಮಾಡುತ್ತಿದ್ದ ಹಾಗೆ ಒಳಗಿನ ಗಾಳಿಯನ್ನು ಎಳೆದುಕೊಂಡೆ. ಹಲ್ಲೆ ಮತ್ತೆ ಸುಮ್ಮನಾಯಿತು. ಕಾಲೂ ಸುಮ್ಮನಾಯಿತು. ಭುಜ, ಬೆನ್ನು, ಮಂಡಿ ಎಲ್ಲವನ್ನೂ ಸೀಳಿಗೆ ಕೊಟ್ಟು, ಹುಳುವಿನಂತೆ ತೆವಳಿ ಮೇಲೆ ಬಂದೆ.

ದೊಣೆಯ ನೀರಿನಲ್ಲಿ ಆಕಾಶ ಅಲುಗಾಡದೆ ಮಲಗಿತ್ತು. ಅದರ ಪಕ್ಕದ ದೊಡ್ಡ ಕಲ್ಲಿಗೆ ನನ್ನನ್ನು ಬಿಗಿದುಕೊಂಡು, ಹಗ್ಗವನ್ನು ಮೂರು ಸಲ ಜಗ್ಗಿದೆ. ಸ್ವಲ್ಪ ಹೊತ್ತಿಗೆ ಅಣ್ಣ ನನ್ನ ಬೆಣೆಗಳನ್ನು ಬಿಡಿಸಿಕೊಳ್ಳುತ್ತ ಮೇಲೆ ಬಂದ. ದೊಣೆಯಲ್ಲಿ ಮುಖ ತೊಳೆದು, ನನ್ನ ರಕ್ತ ಒಸರುತ್ತಿದ್ದ ಗೆಣ್ಣುಗಳನ್ನೂ ತೊಳೆದ. ಆಮೇಲೆ, "ಟವೆಲ್ಲು ಹರಿದಾಕಿದ್ಯಲ್ಲೇ" ಎಂದ. ಮೇಷ್ಟ್ರ ಹೊಗಳಿಕೆ ಅಷ್ಟೇ. ಇಬ್ಬರೂ ಅಂಗಾತ ಮಲಗಿದೆವು. ಬಂಡೆ ನಮ್ಮ ಬೆನ್ನಿಗೆ ಬಿಸಿ ಬಿಡುತ್ತಿತ್ತು. ಇನ್ನೊಂದು ಸ್ವಲ್ಪ ಹೊತ್ತು ಇಲ್ಲೇ ಇರೋಣ ಎನ್ನಿಸುತ್ತಿತ್ತು. ಆದರೆ ಕೆಳಗೆ ಅವ್ವ ಇದ್ದಳು.

ಬಂಡೆಯ ಹಿಂಭಾಗದಲ್ಲಿ ಮೇಕೆಗಳು ಮಾಡಿದ ದಾರಿ. ಸುತ್ತು ಹಾಕಿಕೊಂಡು ಬುಡಕ್ಕೆ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಕುರಿಗಳು ನೆರಳಿನಲ್ಲಿ ಗುಂಪಾಗಿ ಮಲಗಿದ್ದವು. ಅವ್ವ ಕಂಬಳಿಯ ಮೇಲೆ, ನಾವು ಬೆಳಿಗ್ಗೆ ಬಿಟ್ಟುಹೋದ ಜಾಗದಲ್ಲೇ, ಬಂಡೆಗೆ ಮುಖ ಮಾಡಿ ಕೂತಿದ್ದಳು. ಎರಡೂ ಹಿಮ್ಮಡಿಗಳನ್ನು ಒಂದು ಕಲ್ಲಿಗೆ ಒತ್ತಿ ಕೊಟ್ಟಿದ್ದಳು. ಹತ್ತಿರ ಹೋಗಿ ನೋಡಿದರೆ ಸೊಂಟಕ್ಕೆ ಆ ಹಗ್ಗ. ಅಂಗಳದಲ್ಲಿ ಬಿದ್ದಿದ್ದ ಒಂದು ಮಾರಿನ ಸುಟ್ಟ ತುಂಡು. ಬೆನ್ನ ಹಿಂದಿನಿಂದ ಬಳಸಿ ಮುಂದೆ ಬಂದಿತ್ತು. ಎಡಗಡೆಯ ಉದ್ದವೆಲ್ಲ ಅವಳ ಮುಂದೆ, ಬಂಡೆಯ ಕಡೆಗೆ ಚಾಚಿಕೊಂಡಿತ್ತು. ಬಲಮುಷ್ಟಿಯಲ್ಲಿ ಕರಗಿ ಗಟ್ಟಿಯಾದ ಕಪ್ಪು ತುದಿಯೊಂದೇ ಉಳಿದಿತ್ತು. ಮಡಿಲಲ್ಲಿ ನನ್ನ ಬೆಣೆ.

ಅಣ್ಣ ಕೇಳಿದ. "ಏನವ್ವ ಇದು?"

"ಕಾಯ್ತಾ ಇದ್ದೆ" ಎಂದಳು. ಅವಳ ಕಣ್ಣು ನನ್ನ ಮೇಲಿತ್ತು. "ಬಿಗಿ ಹಿಡೀಲಿಲ್ಲ ಕಣೇ. ನೀ ಹೇಳಿದ್ಯಲ್ಲ, ಹಂಗೇ ಮಾಡ್ದೆ. ನೀ ಕಾಣ್ತಿರ್ಲಿಲ್ಲ. ಇಷ್ಟೊತ್ತಿಗೆ ಇಷ್ಟು ಹೋಗಿರ್ತಾಳೆ ಅಂತ ಒಂದೀಟು ಬಿಡಾದು, ಮತ್ತೊಂದೀಟು ಬಿಡಾದು. ಬೆಣೆ ಬಿತ್ತು ನೋಡು, ಆವಾಗ ಬಿಗಿಯಾಗಿ ಹಿಡ್ಕಂಡೆ. ನೀ ಬೀಳ್ಲಿಲ್ಲ. ಮತ್ತೆ ಸಡ್ಲ ಬಿಟ್ಟೆ." ಬಲಮುಷ್ಟಿಯನ್ನು ಒಂದಿಷ್ಟು ಎತ್ತಿ ತೋರಿಸಿದಳು. "ಇಷ್ಟೇ ಉಳಿದಿತ್ತು. ಇದೂ ಮುಗುದ್ರೆ ಏನ್ಮಾಡ್ಲಿ ಅಂತ ಕುಂತಿದ್ದೆ, ನೀವು ಬಂದ್ರಿ."

ಅಣ್ಣ ಮುಖ ತಿರುಗಿಸಿ ಕುರಿಗಳನ್ನು ಎಬ್ಬಿಸುವ ನೆಪ ಮಾಡಿದ. ನಾನು ಅವಳ ಮುಂದೆ ಕೂತು, "ಬಂದೆವಲ್ಲವ್ವ, ಬಿಡು" ಎಂದು ಅವಳ ಕೈ ಬಿಡಿಸಲು ಹೋದೆ. ಮುಷ್ಟಿ ಬಿಚ್ಚಲಿಲ್ಲ. ಬೆರಳು ಜೋಮು ಹಿಡಿದಿರಬೇಕೆಂದು ಉಜ್ಜಿದೆ. ಅವಳು ತಲೆ ಅಲ್ಲಾಡಿಸಿದಳು. ನನ್ನ ಮುಖವನ್ನೇ ನೋಡುತ್ತಿದ್ದಳು, ಏನನ್ನೋ ಕಾಯುವವಳ ಹಾಗೆ. ಆಗ ನನಗೆ ಹೊಳೆಯಿತು. ಆ ಮಾತನ್ನು ನಾನು ಹಗ್ಗ ಜಗ್ಗಿ ಅಣ್ಣನಿಗೆ ಹೇಳಿದ್ದೆ. ಅವ್ವನಿಗೆ ಯಾರೂ ಹೇಳಿರಲಿಲ್ಲ.

ಎದ್ದು ನೇರವಾಗಿ ನಿಂತೆ. ಅಳು ಬರುತ್ತಿತ್ತು, ಆದರೂ ಬಂಡೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.

"ನಿಂತೆ ಅವ್ವ, ಬಿಡು."

ಅವ್ವ ಕೈ ಬಿಟ್ಟಳು. ಹಗ್ಗದ ತುದಿ ಕಂಬಳಿಯ ಮೇಲೆ ಬಿತ್ತು. ಅಂಗೈಯ ಮೇಲಿನ ಕಪ್ಪನ್ನು ಸೆರಗಿಗೆ ಒರೆಸಿಕೊಂಡು, ಹಸಿವಾಗೈತೆ ಎಂದು ಬುತ್ತಿಯ ಗಂಟು ಬಿಚ್ಚಿ, ಹಿಂದಿನ ದಿನದ ಹೋಳಿಗೆ ಮುರಿದು ತಾನೇ ಮೊದಲು ಬಾಯಿಗೆ ಹಾಕಿಕೊಂಡಳು.